ತಿದೆಯ್ಮಿ: ಹಾಲುಂಡವನು ಮಗನಾದ ಬಗೆ

ಫೋನಿನ ಪರದೆಯ ತುಂಬ ಒಂದು ಬೆಟ್ಟದ ಮೈ. ಆ ಮೈಯಲ್ಲಿ ಮನೆಗಳು, ಒಂದರ ನೆತ್ತಿಯ ಮೇಲೊಂದು. ತೊಲೆ, ಜಂತೆ, ಬಾಗಿಲ ಚೌಕಟ್ಟು ಎಲ್ಲವೂ ಮರದಲ್ಲಿ ಮಾಡಿದ ಹಾಗೆ ಕಾಣುತ್ತವೆ. ಆದರೆ ಎಲ್ಲವೂ ಕಲ್ಲು, ಎಲ್ಲವೂ ಗೋರಿ. ಟರ್ಕಿಯ ದಕ್ಷಿಣ ಕರಾವಳಿಯ ಮೈರಾದಲ್ಲಿ ತೆಗೆದ ಈ ಚಿತ್ರವನ್ನು ತಮ್ಮನ ಮಗಳು ದೊಡ್ಡಪ್ಪನ ಮುಂದೆ ಹಿಡಿದಳು. ಭಾಷಾಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಅವರು ಕನ್ನಡಕ ಸರಿಮಾಡಿಕೊಂಡು, ಚಿತ್ರವನ್ನು ಹಿಗ್ಗಿಸಿ, ಕಲ್ಲಿನ ಮೇಲಿನ ಅಕ್ಷರಗಳನ್ನು ಹುಡುಕತೊಡಗಿದರು.

"ನಾನು ಗ್ರೀಕ್ ಅಂದುಕೊಂಡಿದ್ದೆ ದೊಡ್ಡಪ್ಪ. ಗೈಡ್ ಅಲ್ಲ ಅಂದ. ಲಿಸಿಯನ್ ಅಂತೆ."

"ಲಿಪಿ ಗ್ರೀಕಿನಿಂದ ಬಂದದ್ದು, ಅದಕ್ಕೇ ಹಾಗನ್ನಿಸಿದೆ. 29 ಅಕ್ಷರ. ಕೆಲವನ್ನು ಗ್ರೀಕಿನಲ್ಲಿ ಇಲ್ಲದ ಧ್ವನಿಗಳಿಗಾಗಿ ಅವರೇ ಮಾಡಿಕೊಂಡರು, ಮೂಗಿನಲ್ಲಿ ಉಲಿಯುವ ಸ್ವರಗಳಿಗೆ, ಹಾಗೆ. ಭಾಷೆ ಮಾತ್ರ ಬೇರೆಯೇ. ಆ ಜನ ತಮ್ಮನ್ನು ಲಿಸಿಯನ್ನರು ಅಂತ ಕರೆದುಕೊಳ್ಳಲೂ ಇಲ್ಲ; ತ್ರ್‌ಮ್ಮಿಲಿ ಅಂತ ಬರೆದುಕೊಂಡರು. ಕ್ರಿ.ಪೂ. 5 ಮತ್ತು 4ನೆಯ ಶತಮಾನದಲ್ಲಿ ಕಲ್ಲಿಗೆ, ನಾಣ್ಯಕ್ಕೆ ಹತ್ತಿಸಿದ ಬರಹ ಉಳಿದಿದೆ. ಅದರಲ್ಲಿ ಹೆಚ್ಚಿನ ಪಾಲು ಗೋರಿಯ ಬರಹವೇ."

"ಗೋರಿಯ ಮೇಲೆ ಏನು ಬರೆಯುತ್ತಿದ್ದರು?"

ದೊಡ್ಡಪ್ಪ ಎದ್ದು ಹೋಗಿ ಹಳೆಯ ನೋಟುಪುಸ್ತಕವೊಂದನ್ನು ತಂದರು. ಅದರಲ್ಲಿ ಮೈರಾದ್ದಲ್ಲ, ಅಲ್ಲಿಂದ ಪೂರ್ವಕ್ಕಿರುವ ಲಿಮೈರಾದ ಒಂದು ಶಾಸನವನ್ನು ಬರೆದಿಟ್ಟುಕೊಂಡಿದ್ದರು. ಅದು ದ್ವಿಭಾಷಾ ಶಾಸನ: ಒಂದೇ ಮಾತು ಲಿಸಿಯನ್ನಿನಲ್ಲೂ ಗ್ರೀಕಿನಲ್ಲೂ. 1901ರಲ್ಲಿ ಅರ್ನ್ಸ್ಟ್ ಕಾಲಿಂಕ ಲಿಸಿಯನ್ ಶಾಸನಗಳನ್ನೆಲ್ಲ ಸಂಖ್ಯೆ ಕೊಟ್ಟು ಒಂದು ಸಂಪುಟದಲ್ಲಿ ಅಚ್ಚು ಹಾಕಿದಾಗ ಇದಕ್ಕೆ ಬಂದ ಸಂಖ್ಯೆ 117.

"ಓದುತ್ತೇನೆ, ಕೇಳು. ಪ್ರತಿ ಪದದ ನಂತರ ಎರಡು ಚುಕ್ಕೆ ಇಟ್ಟಿದ್ದಾರೆ, ನಮ್ಮ ವಿಸರ್ಗದ ಹಾಗೆ. ಪದ ಎಲ್ಲಿ ಮುಗಿಯಿತು ಅಂತ ಅವರೇ ಹೇಳಿಬಿಟ್ಟಿರುವುದು ನಮ್ಮ ಪುಣ್ಯ. ಎಬೆನ್ನೆ ಖುಪ: ಈ ಗೋರಿಯನ್ನು. ಪ್ರನ್ನವತೆ: ಕಟ್ಟಿದ. ಯಾರು? ಸಿದೆರಿಯ. ಎಂಥ ಸಿದೆರಿಯ? ಪರ್ಮೆನಹ್ ತಿದೆಯ್ಮಿ. ಯಾರಿಗಾಗಿ? ತನಗೆ, ಸೆ ಲದಿ ಎಹ್ಬಿ, ಮತ್ತು ತನ್ನ ಹೆಂಡತಿಗೆ, ಸೆ ತಿದೆಯ್ಮಿ ಪುಬಿಯೆಲೆಯೆ."

"ತಿದೆಯ್ಮಿ ಎರಡು ಸಲ ಬಂತು."

"ಬಂತಲ್ಲ? ಅದನ್ನೇ ಹಿಡಿದುಕೊ. ಗ್ರೀಕ್ ಸಾಲಿನಲ್ಲಿ ಆ ಎರಡೂ ಕಡೆ ಹುಯೊಸ್ ಅನ್ನುವ ಪದ ಇದೆ, ಅಂದರೆ ಮಗ. ಪರ್ಮೆನನ ಮಗ ಸಿದೆರಿಯ, ಮಗ ಪುಬಿಯಲನಿಗೆ. ಅರ್ಥಕ್ಕೆ ಊಹೆ ಬೇಕಾಗಿಲ್ಲ, ಕಲ್ಲೇ ಅನುವಾದ ಮಾಡಿಕೊಟ್ಟಿದೆ."

ಹುಡುಗಿ ನೋಟುಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಮೊದಲ ತಿದೆಯ್ಮಿ ಕರ್ತೃ, ಎರಡನೆಯದು ಚತುರ್ಥಿ. ಎರಡಕ್ಕೂ ರೂಪ ಒಂದೇ ಆಗಿರುವುದು ಹೇಗೆ ಎಂಬುದು ಅವಳ ಪ್ರಶ್ನೆ.

"ಲಿಸಿಯನ್ನಿನಲ್ಲಿ ಪದದ ಕೊನೆ ಬಹಳ ಸವೆದಿದೆ. ಹಿಂದೆ ಇದ್ದ ಸಕಾರ ಉದುರಿತು, ಅನುನಾಸಿಕ ಉದುರಿತು, ಕೊನೆಗೆ ಬರಿಯ ಇಕಾರ ನಿಂತಿತು. ಈ ಪದಕ್ಕೆ ದ್ವಿತೀಯೆಯಲ್ಲೂ ತಿದೆಯ್ಮಿಯೇ. ಆದರೆ ಬಹುವಚನದ ಚತುರ್ಥಿ ನೋಡು, ಬೇರೆ ಗೋರಿಗಳ ಮೇಲೆ ಮತ್ತೆ ಮತ್ತೆ ಬರುತ್ತದೆ: ಹ್ರಪ್ಪಿ ಲದಿ ಎಹ್ಬಿ ಸೆ ತಿದೆಯ್ಮೆ. ಹೆಂಡತಿಗೂ ಮಕ್ಕಳಿಗೂ ಅಂತ. ಇಕಾರ ಹೋಗಿ ಎಕಾರ ಬಂತು. ನಿಜವಾದ ಪ್ರಕೃತಿ ಅದು. ಇಕಾರ ಅನ್ನುವುದು ಪ್ರಥಮೆ, ದ್ವಿತೀಯೆಗಳಲ್ಲಿ ಸೇರಿಕೊಳ್ಳುವ ಸ್ವರ. ಲಿಸಿಯನ್ನಿಗೂ ಅದರ ಹತ್ತಿರದ ಬಂಧುಗಳಿಗೂ ಇದೊಂದು ಗುರುತು."

"ಏಕವಚನದಲ್ಲಿ ಮಗ, ಬಹುವಚನದಲ್ಲಿ ಮಕ್ಕಳು. ಹೆಣ್ಣುಮಕ್ಕಳೂ ಸೇರಿದರಾ?"

"ಅಂಥ ಕಡೆ ಸಂತಾನ ಅಂತಲೇ ಅರ್ಥ ಮಾಡುತ್ತಾರೆ. ಕನ್ನಡದವಳಿಗೆ ಇದು ವಿಚಿತ್ರ ಅನ್ನಿಸಬಾರದು. ಮಗ ಗಂಡು, ಮಕ್ಕಳು ಅಂದರೆ ಎಲ್ಲರೂ."

ಇಷ್ಟು ಅರ್ಥದ ಮಾತಾಯಿತು. ಪದ ಹುಟ್ಟಿದ ಬಗೆಗೆ ದೊಡ್ಡಪ್ಪ ಸೀದಾ ಹೋಗಲಿಲ್ಲ. ಅದಕ್ಕೆ ಮೊದಲು ಅವರು ಲಿಸಿಯದಿಂದ ನೂರಾರು ಮೈಲಿ ಈಶಾನ್ಯಕ್ಕೆ, ಸಾವಿರ ವರ್ಷದಷ್ಟು ಹಿಂದಕ್ಕೆ, ಹಿಟ್ಟೈಟರ ರಾಜಧಾನಿ ಹತ್ತುಸಕ್ಕೆ ಅವಳನ್ನು ಕರೆದೊಯ್ದರು. ಅಲ್ಲಿನ ಮಣ್ಣಿನ ಫಲಕಗಳಲ್ಲಿ ಹಿಟ್ಟೈಟ್ ಇದೆ, ಅದರ ಸೋದರಭಾಷೆ ಲುವಿಯನ್ ಇದೆ. ಹಿಟ್ಟೈಟ್ ಇಂಡೋ-ಯುರೋಪಿಯನ್ ಕುಲಕ್ಕೆ ಸೇರಿದ್ದು ಎಂದು ಬೆಡ್ರಿಖ್ ಹ್ರೋಜ್ನಿ 1915ರಲ್ಲಿ ತೋರಿಸಿಕೊಟ್ಟ. ಲಿಸಿಯನ್ನಿಗೂ ಹಿಟ್ಟೈಟಿಗೂ ಇರುವ ನಂಟನ್ನು ಡೆನ್ಮಾರ್ಕಿನ ಹೋಲ್ಗರ್ ಪೆಡರ್ಸನ್ 1945ರಲ್ಲಿ ಒಂದು ಪುಸ್ತಕವನ್ನೇ ಬರೆದು ಸ್ಥಾಪಿಸಿದ. ಲಿಸಿಯನ್ನಿಗೆ ಇನ್ನೂ ಹತ್ತಿರವಾದದ್ದು ಲುವಿಯನ್ ಎಂದು 1958ರಿಂದ ಸರಣಿ ಲೇಖನಗಳಲ್ಲಿ ವಿವರಿಸಿದವನು ಫ್ರಾನ್ಸಿನ ಎಮಾನ್ಯುಯೆಲ್ ಲಾರೋಶ್.

"ಲುವಿಯನ್ನಿನಲ್ಲಿ ತಿತನ್ ಅಂದರೆ ಮೊಲೆ," ಎಂದರು ದೊಡ್ಡಪ್ಪ. "ಹಿಟ್ಟೈಟಿನಲ್ಲಿ ತೇತನ್. ಲುವಿಯನ್ನಿನಲ್ಲೇ ತಿತಾಯಿಮ್ಮಿ ಅಂತ ಒಂದು ಪದವಿದೆ. ಅರ್ಥ, ಮೊಲೆಯೂಡಿ ಬೆಳೆಸಿದ. ಈಗ ಎರಡನ್ನೂ ಒಂದರ ಕೆಳಗೊಂದು ಬರೆ."

ಅವಳು ಬರೆದಳು. ತಿತಾಯಿಮ್ಮಿ. ತಿದೆಯ್ಮಿ.

"ನಡುವಿನ ತಕಾರ ದಕಾರವಾಗಿದೆ. ಆಕಾರ ಎಕಾರವಾಗಿದೆ."

"ಹೋಲುತ್ತದೆ ಅಂತ ಒಪ್ಪಬೇಡ. ಇದೇ ಎರಡು ಬದಲಾವಣೆ ಇನ್ನೊಂದು ಕಡೆ ಆಗಿದೆಯೇ ಅಂತ ಕೇಳು. ಆಗಿದೆ. ಲುವಿಯನ್ನಿನಲ್ಲಿ ತಂದೆಗೆ ತಾತಿ, ಲಿಸಿಯನ್ನಿನಲ್ಲಿ ತೆದಿ. ಮೊದಲಿನ ತಕಾರ ಹಾಗೇ ಉಳಿಯಿತು, ಎರಡು ಸ್ವರಗಳ ನಡುವೆ ಸಿಕ್ಕಿದ ತಕಾರ ಮೆತ್ತಗಾಯಿತು, ಆಕಾರ ಎಕಾರವಾಯಿತು. ತಂದೆಯ ಪದಕ್ಕೆ ಏನಾಯಿತೋ ಮಗನ ಪದಕ್ಕೂ ಅದೇ ಆಯಿತು."

"ತಾತಿ! ದೊಡ್ಡಪ್ಪ, ನಮ್ಮ ತಾತ!"

"ಅಲ್ಲೇ ತಡೆ," ಅಂದರು ಅವರು, ದನಿಯಲ್ಲಿ ಕಟ್ಟುನಿಟ್ಟು. "ಅಪ್ಪ, ಅಮ್ಮ, ತಾತ, ಪಾಪ, ಮಾಮ, ಇವೆಲ್ಲ ಹಲ್ಲು ಬರದ ಮಗುವಿನ ಬಾಯಿಗೆ ಸುಲಭವಾದ ಶಬ್ದಗಳು. ಲೋಕದ ಯಾವ ಮೂಲೆಯಲ್ಲಾದರೂ ತಾವಾಗಿ ಹುಟ್ಟಬಹುದು. ಅವನ್ನು ಹಿಡಿದು ನಂಟು ಹೇಳಿದರೆ ಇಡೀ ಭೂಮಿಯೇ ಒಂದು ಮನೆತನ ಅನ್ನಬೇಕಾಗುತ್ತದೆ. ತಾತಿಯಿಂದ ತೆದಿಗೆ ಹೋಗುವ ದಾರಿಯಲ್ಲಿ ನಿಯಮ ಇದೆ, ಆ ನಿಯಮಕ್ಕೆ ಬೇರೆ ಪದಗಳ ಸಾಕ್ಷಿ ಇದೆ. ತಾತಿಗೂ ನಮ್ಮ ತಾತನಿಗೂ ಹೋಲಿಕೆ ಮಾತ್ರ ಇದೆ."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೊನೆಯ ಮಿ ಅಕ್ಷರಕ್ಕೆ ಬಂದಳು. ತಿತನ್‌ಗೂ ತಿದೆಯ್ಮಿಗೂ ನಡುವೆ ಆ ಮಿ ಎಲ್ಲಿಂದ ಬಂತು?

ಅದೇ ಈ ಪದದ ಜೀವ. ದೊಡ್ಡಪ್ಪ ಉತ್ಸಾಹದಿಂದ ಮುಂದಕ್ಕೆ ಬಾಗಿದರು. "ಮೂರು ಮೆಟ್ಟಿಲು. ಮೊದಲು ನಾಮಪದ, ಮೊಲೆ. ಅದರಿಂದ ಕ್ರಿಯಾಪದ, ಮೊಲೆಯೂಡು. ಅದರಿಂದ ಕೃದಂತ, ಮೊಲೆಯೂಡಿದ. ಕನ್ನಡದಲ್ಲೂ ಅದೇ ಮೂರು ಮೆಟ್ಟಿಲಿದೆ ನೋಡು. ಕೊನೆಯ ಮೆಟ್ಟಿಲನ್ನು ಕಟ್ಟುವುದು ಈ ಪ್ರತ್ಯಯ: ಲುವಿಯನ್ನಿನಲ್ಲಿ ಮ್ಮಿ, ಲಿಸಿಯನ್ನಿನಲ್ಲಿ ಮಿ. ಕ್ರಿಯೆ ಯಾರ ಮೇಲೆ ನಡೆಯಿತೋ ಅವನನ್ನು ಹೇಳುತ್ತದೆ. ಕೊಡು ಅನ್ನುವುದಕ್ಕೆ ಲಿಸಿಯನ್ನಿನಲ್ಲಿ ಪಿಯೆ. ಮಿ ಹಚ್ಚಿದರೆ ಪಿಯೆಮಿ, ಕೊಟ್ಟ, ಕೊಡಲ್ಪಟ್ಟ."

"ಪಿಯೆಮಿ ಎಲ್ಲಾದರೂ ಸಿಕ್ಕಿದೆಯಾ, ಅಥವಾ ವ್ಯಾಕರಣದವರು ಕಟ್ಟಿದ್ದಾ?"

"ಸಿಕ್ಕಿದೆ, ಅದೂ ಎಂಥ ಕಡೆ!"

ಆ ಕಡೆ ಎಂದರೆ ಕ್ಸಾಂಥೋಸ್ ನದಿಯ ಬಯಲಿನ ಲೆಟೂನ್, ಲೇಟೋ ದೇವಿಯ ಕ್ಷೇತ್ರ. 1973ರಲ್ಲಿ ಅಲ್ಲಿ ಅಗೆಯುತ್ತಿದ್ದ ಫ್ರೆಂಚರಿಗೆ ಒಂದು ಕಲ್ಲು ಸಿಕ್ಕಿತು. ಒಂದು ಮುಖದಲ್ಲಿ ಲಿಸಿಯನ್ 41 ಸಾಲು, ಇನ್ನೊಂದರಲ್ಲಿ ಗ್ರೀಕ್ 35 ಸಾಲು, ನಡುವಿನ ಕಿರಿದಾದ ಮುಖದಲ್ಲಿ ಅರಾಮಾಯಿಕ್ 27 ಸಾಲು. ಗೋರಿಗಳ ಒಂದೇ ರಾಗ ಕೇಳಿ ಬೇಸತ್ತಿದ್ದ ವಿದ್ವಾಂಸರ ಕೈಗೆ ಉದ್ದನೆಯ, ಬೇರೆ ವಿಷಯದ, ಮೂರು ಭಾಷೆಯ ಬರಹ ಬಂತು. ಎರಡು ದೇವರಿಗೆ ಹೊಸದಾಗಿ ಪೂಜೆ ಏರ್ಪಡಿಸಿ, ಪೂಜಾರಿಯನ್ನು ನೇಮಿಸಿ, ಭೂಮಿ ಬಿಟ್ಟುಕೊಟ್ಟ ದತ್ತಿಶಾಸನ ಅದು. ನಮ್ಮ ದತ್ತಿಶಾಸನಗಳನ್ನು ಓದಿ ಬಲ್ಲವರಿಗೆ ಅದರ ನಡೆ ಪರಿಚಿತವೆನಿಸುತ್ತದೆ. ಕಲ್ಲು ಈಗ ಫೆತಿಯೆ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

"ಶುರುವಿನಲ್ಲೇ ನಮ್ಮ ಪದ ಬರುತ್ತದೆ," ಎಂದರು ದೊಡ್ಡಪ್ಪ. "ಪಿಗೆಸೆರೆ ಕತಮ್ಲಹ್ ತಿದೆಯ್ಮಿ. ಗ್ರೀಕಿನಲ್ಲಿ ಹೆಕತೋಮ್ನೋಸನ ಮಗ ಪಿಕ್ಸೊದಾರೋಸ್. ಅವನು ಪರ್ಷಿಯದ ಸಾಮ್ರಾಟನ ಕೈಕೆಳಗೆ ಲಿಸಿಯಕ್ಕೆ ಕ್ಷತ್ರಪನಾದಾಗ ಇಬ್ಬರು ಅಧಿಕಾರಿಗಳನ್ನು ನೇಮಿಸಿದ. ಅವರಲ್ಲಿ ಒಬ್ಬನ ಹೆಸರು ಗ್ರೀಕ್ ಮುಖದಲ್ಲಿ ಅಪೊಲ್ಲೊದೊತೋಸ್, ಅಪೊಲ್ಲೊ ಕೊಟ್ಟವನು. ಅದೇ ಮನುಷ್ಯ ಲಿಸಿಯನ್ ಮುಖದಲ್ಲಿ ನತ್ರಬ್ಬಿಯೆಮಿ."

ಹುಡುಗಿ ಪೆನ್ನಿನಿಂದ ಪದವನ್ನು ಸೀಳಿದಳು. "ನತ್ರ್, ಆಮೇಲೆ ಬಿಯೆಮಿ. ಪಿಯೆಮಿಯೇ! ಪಕಾರ ಬಕಾರವಾಗಿದೆ. ಹಾಗಾದರೆ ನತ್ರಿ ಅಂದರೆ ಅಪೊಲ್ಲೊ?"

"ಅವರ ನಾಡಿನಲ್ಲಿ ಆ ದೇವರಿಗೆ ನತ್ರಿ ಎನ್ನುವ ಹೆಸರಿತ್ತು ಅನ್ನುವುದು ಈ ಒಂದು ಹೆಸರಿನಿಂದ ಹೊಳೆಯಿತು. ನಮ್ಮಲ್ಲಿ ದೇವದತ್ತ ಅಂತ ಇಡುತ್ತೇವಲ್ಲ, ದೇವರು ಕೊಟ್ಟವನು, ಅದೇ ಕಟ್ಟೋಣ. ದತ್ತದಲ್ಲಿ ತಕಾರ ಮಾಡುವ ಕೆಲಸವನ್ನು ಅಲ್ಲಿ ಮಿ ಮಾಡುತ್ತದೆ. ಈಗ ಎರಡನ್ನೂ ಒಟ್ಟಿಗಿಟ್ಟು ನೋಡು. ನತ್ರಬ್ಬಿಯೆಮಿ, ನತ್ರಿ ಕೊಟ್ಟವನು. ತಿದೆಯ್ಮಿ, ಮೊಲೆಯೂಡಿ ಬೆಳೆಸಿದವನು. ಒಂದೇ ಅಚ್ಚು. ಒಂದು ಒಬ್ಬ ಮನುಷ್ಯನ ಹೆಸರಾಗಿ ನಿಂತಿತು, ಇನ್ನೊಂದು ಎಲ್ಲ ಗಂಡುಮಕ್ಕಳ ಹೆಸರಾಯಿತು."

"ಕೃದಂತ ಗಟ್ಟಿಯಾಗಿ ನಾಮಪದವಾಗುವುದು ಅಂದರೆ ಇದೇ?"

"ನಿನ್ನ ಬಾಯಲ್ಲಿ ದಿನಾ ಆಗುತ್ತದೆ. ಹೆತ್ತವರು ಅನ್ನುತ್ತೀಯ. ಹೆತ್ತ ಅನ್ನುವುದು ಕೃದಂತ; ಅದಕ್ಕೆ ಅವರು ಸೇರಿ ತಂದೆತಾಯಿ ಎನ್ನುವ ನಾಮಪದವಾಯಿತು. ತಂದೆ ಹೆರುವುದಿಲ್ಲ, ಆದರೂ ಹೆತ್ತವರಲ್ಲಿ ಅವನೂ ಸೇರಿದ. ಒಡಹುಟ್ಟಿದವರು ಅನ್ನುತ್ತೀಯ. ಆಡುವಾಗ ಯಾರೂ ಬಿಡಿಸಿ ನೋಡುವುದಿಲ್ಲ. ತಿದೆಯ್ಮಿ ಅನ್ನುತ್ತಿದ್ದ ಸಿದೆರಿಯನೂ ಬಿಡಿಸಿ ನೋಡಿರಲಾರ. ಅವನಿಗೆ ಅದು ಬರಿಯ ಮಗ."

ಮಗಳಿಗೆ ಏನನ್ನುತ್ತಿದ್ದರು ಎಂದು ಅವಳು ಕೇಳಿದಾಗ ಮಾತು ಇನ್ನೊಂದು ಕಡೆ ಹೊರಳಿತು. ಮಗಳಿಗೆ ಕ್ಬತ್ರ. ನೋಡಿದರೆ ಯಾರ ನಂಟೂ ಇಲ್ಲದ ಪದ. ಬಿಡಿಸಿದರೆ ಸಂಸ್ಕೃತದ ದುಹಿತೃವಿನ ಸೋದರಿ. ತ್ವ ಎಂಬ ಒತ್ತಕ್ಷರ ಲಿಸಿಯನ್ನಿನಲ್ಲಿ ಕ್ಬ ಆಗುತ್ತದೆ. ಇದು ಬಾಯಿಗೆ ಬಂದ ಹಾಗೆ ಹೇಳಿದ ಮಾತಲ್ಲ. ಎರಡು ಎಂಬ ಅರ್ಥದ, ನಮ್ಮ ದ್ವಿಗೆ ಸಂಬಂಧಿಸಿದ ಪದವೂ ಅಲ್ಲಿ ಕ್ಬಿ; ಲಿಸಿಯನ್ನಿನದೇ ಇನ್ನೊಂದು ಬಗೆಯಾದ ಮಿಲಿಯನ್ನಿನಲ್ಲಿ ತ್ಬಿ. ದುಹಿತೃ, ಗ್ರೀಕಿನ ಥುಗಾತೇರ್, ಇಂಗ್ಲಿಷಿನ ಡಾಟರ್ ಎಲ್ಲವೂ ಒಂದೇ ಬೇರಿನಿಂದ ಬಂದವು. ಅಜ್ಜಿಗೆ ಖ್ನ್ನ, ಅಜ್ಜನಿಗೆ ಖುಗ. ಹಿಟ್ಟೈಟಿನಲ್ಲಿ ಹನ್ನ, ಹುಹ್ಹ. ಇವೂ ಪಿತ್ರಾರ್ಜಿತವೇ.

"ಹಾಗಾದರೆ ಮಗಳ ಪದ ಹಳೆಯದು, ಮಗನ ಪದ ಹೊಸದು?"

"ಹೌದು. ಅದು ನನಗೂ ಸೋಜಿಗವೇ. ಸಂಸ್ಕೃತದಲ್ಲಿ ಮಗನಿಗೆ ಸೂನು ಇದೆ, ಇಂಗ್ಲಿಷಿನ ಸನ್ ಅದರದೇ ಬಳಗ. ಹಿಟ್ಟೈಟ್, ಲುವಿಯನ್, ಲಿಸಿಯನ್ ಸೇರಿದ ಅನಟೋಲಿಯದ ಭಾಷೆಗಳಲ್ಲಿ ಆ ಪದದ ಸುಳಿವೇ ಸಿಕ್ಕಿಲ್ಲ. ಒಂದೊಂದು ಭಾಷೆಯೂ ಮಗನಿಗೆ ಬೇರೆ ಬೇರೆ ಪದ ಹುಡುಕಿಕೊಂಡಿದೆ. ಚಿತ್ರಲಿಪಿಯ ಲುವಿಯನ್ನಿನಲ್ಲಿ ನಿಮುವಿಜ. ಲಿಸಿಯನ್ನರು ತಿದೆಯ್ಮಿಯನ್ನು ಎತ್ತಿಕೊಂಡರು. ಆದರೆ ಸೂನು ಕೂಡ ಮೊದಲು ಹೀಗೇ ಹುಟ್ಟಿದ್ದು. ಸೂ ಅಂದರೆ ಹೆರು. ಪ್ರಸೂತಿಯಲ್ಲಿ ಇದೆಯಲ್ಲ, ಆ ಸೂ. ಹೆತ್ತದ್ದು ಸೂನು, ಹಾಲುಣಿಸಿದ್ದು ತಿದೆಯ್ಮಿ. ಲ್ಯಾಟಿನ್ ನೋಡು. ಅಲ್ಲಿ ಮಗ ಫೀಲಿಯುಸ್. ಅದರ ಮೂಲದಲ್ಲೂ ಹಾಲೂಡುವುದೇ ಇದೆ. ಲ್ಯಾಟ್ವಿಯನ್ನಿನ ದೇಲ್ಸ್ ಕೂಡ ಹಾಗೇ."

"ಆ ಧಾತು ಸಂಸ್ಕೃತದಲ್ಲಿ ಉಳಿದಿದೆಯಾ?"

"ಧೇ ಅಂತ. ಹೀರು, ಮೊಲೆಯುಣ್ಣು. ಸ್ತನಂಧಯ ಅನ್ನುವ ಪದ ಕೇಳಿದ್ದೀಯಲ್ಲ, ಮೊಲೆಗೂಸು, ಅದರ ಧಯದಲ್ಲಿ ಇದೆ. ಧಾತ್ರಿ, ಹಾಲೂಡುವ ದಾದಿ. ಧೇನು, ಹಾಲು ಕೊಡುವ ಹಸು. ಫೀಲಿಯುಸಿಗೂ ಧೇನುವಿಗೂ ಬೇರು ಒಂದು ಅನ್ನುವುದು ಗಟ್ಟಿಯಾದ ಮಾತು. ಅನಟೋಲಿಯದ ತಿತನ್, ತೇತನ್ ಕೂಡ ಇದೇ ಬೇರಿನ ಚಿಗುರು ಅನ್ನುವವರಿದ್ದಾರೆ. ತಾತದ ಹಾಗೆ ಮಗುವಿನ ತೊದಲಿನಿಂದ ಬಂದಿರಬಹುದು ಅನ್ನುವ ಮಾತಿಗೂ ಜಾಗ ಇದೆ. ಆದ್ದರಿಂದ ತಿದೆಯ್ಮಿಯನ್ನು ಲುವಿಯನ್ನಿನವರೆಗೆ ಕಣ್ಣುಮುಚ್ಚಿ ಕರೆದುಕೊಂಡು ಹೋಗು. ಅಲ್ಲಿಂದಾಚೆ ಧೇನುವಿನ ಕೊಟ್ಟಿಗೆಯ ತನಕ ಹೋಗುವಾಗ ಕಣ್ಣು ತೆರೆದಿರಲಿ."

ಅಡುಗೆಮನೆಯಿಂದ ದೊಡ್ಡಮ್ಮ ಕಾಫಿ ತಂದಿಟ್ಟು ಹೋದರು. ಹುಡುಗಿ ಲೋಟ ಮುಟ್ಟಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ವಿಷಯ ಓಡುತ್ತಿತ್ತು. ಬಸ್ಸಿನಲ್ಲಿ ಗೈಡ್ ಹೇಳಿದ್ದ ಮಾತು: ಲಿಸಿಯದಲ್ಲಿ ಮಕ್ಕಳು ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದರು, ಅದು ಹೆಂಗಸರ ರಾಜ್ಯ.

"ಮಗ ಅನ್ನುವ ಪದದಲ್ಲೇ ತಾಯಿಯ ಎದೆ ಇದೆಯಲ್ಲ ದೊಡ್ಡಪ್ಪ. ಗೈಡ್ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾ?"

ದೊಡ್ಡಪ್ಪ ತಕ್ಷಣ ಉತ್ತರಿಸಲಿಲ್ಲ. ಆ ಮಾತಿನ ಮೂಲ ಹೆರೊಡೊಟಸ್. ಕ್ರಿ.ಪೂ. 5ನೆಯ ಶತಮಾನದ ಆ ಗ್ರೀಕ್ ಇತಿಹಾಸಕಾರ ಹುಟ್ಟಿದ ಹಾಲಿಕಾರ್ನಸ್ ಲಿಸಿಯದ ಪಶ್ಚಿಮಕ್ಕೆ, ದೂರವೇನಲ್ಲದ ಊರು. ಲಿಸಿಯನ್ನನನ್ನು ನೀನು ಯಾರೆಂದು ಕೇಳಿದರೆ ಅವನು ತನ್ನ ತಾಯಿಯ ಹೆಸರು, ಅವಳ ತಾಯಂದಿರ ಹೆಸರು ಹೇಳುತ್ತಾನೆ ಎಂದು ಅವನು ತನ್ನ ಇತಿಹಾಸದ ಮೊದಲ ಪುಸ್ತಕದಲ್ಲಿ ಬರೆದ. 1861ರಲ್ಲಿ ಸ್ವಿಟ್ಜರ್ಲೆಂಡಿನ ಬಾಖೋಫನ್ ಆದಿಯಲ್ಲಿ ತಾಯಿಯ ಹಕ್ಕೇ ನಡೆಯುತ್ತಿತ್ತೆಂದು ಸಾಧಿಸಲು ದೊಡ್ಡ ಗ್ರಂಥ ಬರೆದಾಗ ಲಿಸಿಯನ್ನರನ್ನು ಮುಖ್ಯ ಸಾಕ್ಷಿಯಾಗಿ ನಿಲ್ಲಿಸಿಕೊಂಡ. ಅಂದಿನಿಂದ ಈ ಕಥೆ ಪ್ರವಾಸಿಗರ ಬಸ್ಸಿನ ತನಕ ಬಂದಿದೆ.

"ಬಾಖೋಫನ್ನನ ಕಾಲಕ್ಕೆ ಲಿಸಿಯನ್ ಓದಲು ಸರಿಯಾಗಿ ಬರುತ್ತಿರಲಿಲ್ಲ, ಅವನನ್ನು ದೂರಬಾರದು," ಎಂದರು ಕೊನೆಗೆ. "ನಮಗೆ ಬರುತ್ತದೆ. ಹಾಗಾದರೆ ಓದು. ಪರ್ಮೆನಹ್ ತಿದೆಯ್ಮಿ. ಕತಮ್ಲಹ್ ತಿದೆಯ್ಮಿ. ಹೆಸರಿನ ಕೊನೆಗೆ ಬಂದ ಹಕಾರ ಷಷ್ಠಿಯ ಕೆಲಸ ಮಾಡುತ್ತದೆ, ಇಂಥವನ ಅಂತ. ಯಾರು ಈ ಪರ್ಮೆನ, ಕತಮ್ಲ?"

"ಗಂಡಸರು."

"ತಂದೆಯರು. ಗೋರಿಯ ಬಾಗಿಲಲ್ಲಿ ಮನುಷ್ಯ ತಾನು ಯಾರು ಅಂತ ಹೇಳಿಕೊಳ್ಳುವಾಗ ರೂಢಿಯಾಗಿ ಹೇಳುವುದು ತಂದೆಯ ಹೆಸರು. ಇಂಥವನ ಮಗ ಇಂಥವನು, ನಮ್ಮ ವೀರಗಲ್ಲಿನ ಹಾಗೆ. ಹೆರೊಡೊಟಸ್ ಕೇಳಿದ್ದು ಏನೋ ಇರಬಹುದು. ಕಲ್ಲು ಹೇಳುವುದು ಇದು."

"ಮತ್ತೆ ಪದದ ಹುಟ್ಟು?"

"ಪದದ ಹುಟ್ಟು ಪದದ ಹುಟ್ಟನ್ನು ಹೇಳುತ್ತದೆ. ಹಾಲೂಡಿದ ಮಗು ಅಂತ ಲುವಿಯನ್ನರ ಕಾಲದಲ್ಲಿ ಕಟ್ಟಿದ್ದು, ನೂರಾರು ವರ್ಷದ ಮೇಲೆ ಮಗ ಆಯಿತು. ರೋಮಿನಲ್ಲೂ ಫೀಲಿಯುಸ್ ಅಂದರೆ ಹಾಲುಂಡವನೇ, ಆದರೆ ರೋಮಿನಷ್ಟು ತಂದೆಯ ಅಧಿಕಾರ ನಡೆದ ಊರು ಇನ್ನೊಂದಿಲ್ಲ. ಇತ್ತ ನಮ್ಮ ತುಳುನಾಡು ನೋಡು. ಅಳಿಯಸಂತಾನ ನಡೆದುಬಂದ ನಾಡು. ಅಲ್ಲಿ ಮಗನಿಗೆ ಮಗೆ ಅನ್ನುತ್ತಾರೆ, ನಮ್ಮ ಮಗನ ಒಡಹುಟ್ಟು. ಆಸ್ತಿ ಸೋದರಳಿಯನಿಗೆ ಹೋಗುತ್ತಿತ್ತು ಅಂತ ಆ ಪದದಲ್ಲಿ ಎಲ್ಲಿ ಬರೆದಿದೆ? ವ್ಯುತ್ಪತ್ತಿ ಹಿಡಿದು ಕುಟುಂಬದ ಕಟ್ಟಳೆ ಹೇಳಹೊರಟರೆ ಎರಡೂ ಕೆಡುತ್ತವೆ. ಇದನ್ನು ನಾನು ಮೂವತ್ತು ವರ್ಷ ಪಾಠದಲ್ಲಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ."

ಹುಡುಗಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು. "ಆದರೂ ಯಾರೋ ಒಬ್ಬರಿಗೆ ಮಗು ಅಂದರೆ ಹಾಲು ನೆನಪಾಯಿತಲ್ಲ. ಬೀಜ, ವಂಶ, ಹೆಸರು ಯಾವುದೂ ಅಲ್ಲ, ಹಾಲು. ಅದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ," ಎಂದರು ಅವರು. ತುಸು ಹೊತ್ತು ಬಿಟ್ಟು ಮತ್ತೆ, "ಸುಳ್ಳಲ್ಲ ಮಗಳೇ. ಅದನ್ನು ಹೇಳು, ಅಷ್ಟನ್ನೇ ಹೇಳು."

ಅವಳು ಕಾಫಿ ಕುಡಿದು, ನೋಟುಪುಸ್ತಕದ 117ನೆಯ ಶಾಸನವನ್ನು ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡಳು. ತೆಗೆದು ಮತ್ತೊಮ್ಮೆ ಪದ ಪದವಾಗಿ ಓದಿದಳು: ಗೋರಿ, ಕಟ್ಟಿದ, ಸಿದೆರಿಯ, ಪರ್ಮೆನನ ಮಗ, ತನಗೆ, ತನ್ನ ಹೆಂಡತಿಗೆ, ಮಗ ಪುಬಿಯಲನಿಗೆ. ಓದುತ್ತ ಒಂದು ಕಡೆ ಬೆರಳು ನಿಂತಿತು.

"ದೊಡ್ಡಪ್ಪ, ಹೆಂಡತಿಯ ಹೆಸರು?"

ಲಿಸಿಯನ್ ಸಾಲಿನಲ್ಲಿ ಲದಿ ಎಹ್ಬಿ ಎಂದಷ್ಟೇ ಇದೆ. ಗ್ರೀಕ್ ಸಾಲಿನಲ್ಲೂ ಹೆಂಡತಿಗೆ ಎಂದಷ್ಟೇ ಇದೆ. ಅಪ್ಪನ ಹೆಸರಿದೆ, ಗಂಡನ ಹೆಸರಿದೆ, ಮಗನ ಹೆಸರಿದೆ. ಪುಬಿಯಲನಿಗೆ ಹಾಲೂಡಿದವಳ ಹೆಸರನ್ನು ಆ ಕಲ್ಲಿನ ಮೇಲೆ ಬರೆದಿಲ್ಲ.